ವಸ್ತಾನಿ ಬಿಲ್ಲೆ

ನಮ್ಮ ಓಣಿಯ ಮೂಲೆಯಲ್ಲಿ ಈಚೆಗೆ ಒಬ್ಬ ಇಸ್ತ್ರಿಯವನು ಗಾಡಿ ಹಾಕಿಕೊಂಡಿದ್ದಾನೆ. ಪೊಲೀಸ್ ಠಾಣೆಯವರ ಬಟ್ಟೆಯೆಲ್ಲ ಅವನ ಹತ್ತಿರವೇ ಬರುತ್ತದೆ. ಗಂಜಿ ಹಾಕಿದ ಖಾಕಿಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಇಟ್ಟನೆಂದರೆ ಒಂದು ವಾಸನೆ ಏಳುತ್ತದೆ. ಸ್ವಲ್ಪ ಸೀದ ರೊಟ್ಟಿಯ ಹಾಗೆ, ಸ್ವಲ್ಪ ಮಳೆಯಲ್ಲಿ ನೆನೆದ ಗೋಣಿಯ ಹಾಗೆ. ನಿಮಗೆ ಅದು ಹಿತವಾಗಿಯೇ ಇದ್ದೀತು. ನಾನು ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ. ಸೊಸೆ ಬಂದು ಸೆಖೆಯೆಂದು ತೆರೆಯುತ್ತಾಳೆ. ನಾನು ಮತ್ತೆ ಮುಚ್ಚುತ್ತೇನೆ. ಮುದುಕಿಗೆ ಹಟ ಹೆಚ್ಚಾಗಿದೆ ಎಂದು ಅವಳು ತಿಳಿದಿದ್ದಾಳೆ. ಹಾಗೇ ತಿಳಿಯಲಿ ಎಂದು ಬಿಟ್ಟಿದ್ದೇನೆ.

ಆ ವಾಸನೆ ನನಗೆ ಒಂದೇ ಒಂದು ದಿನವನ್ನು ತಂದುಕೊಡುತ್ತದೆ. ನಿಜಾಮರ ಕಾಲ. ಜಹೀರಾಬಾದಿನಲ್ಲಿ ನನ್ನ ಗಂಡನ ಮನೆ. ಶಾಲೆಯವರ ಲೆಕ್ಕದಲ್ಲಿ ಖುರ್ದಾದ್ ತಿಂಗಳು, ನಮ್ಮ ಲೆಕ್ಕದಲ್ಲಿ ಚೈತ್ರ ಮುಗಿಯುತ್ತ ಬಂದಿತ್ತು. ನನ್ನ ತಮ್ಮ ಬಸವರಾಜನ ಖಾಕಿ ಅಂಗಿ ಚಡ್ಡಿಗೆ ನಾನು ಮೊದಲ ಸಲ ಗಂಜಿ ಹಾಕಿದ್ದೆ. ನಮ್ಮ ಕಡೆ ಆಗ ಅಕ್ಕಿಯೆಂದರೆ ಹಬ್ಬದ ಮಾತು. ಬಟ್ಟೆಯ ಗಂಜಿಗೆಂದು ಅನ್ನ ಬಸಿಯುವ ಮನೆ ನಮ್ಮದಲ್ಲ. ಹಾಗಾಗಿ ಜೋಳದ ಹಿಟ್ಟನ್ನೇ ಕುದಿಸಿ, ಅದರಲ್ಲಿ ಬಟ್ಟೆ ಅದ್ದಿ, ಬಿಸಿಲಿಗೆ ಹರಡಿದೆ. ಕಾದ ಖಾಕಿಯಿಂದ ಇದೇ ವಾಸನೆ ಎದ್ದಿತ್ತು. ಸ್ವಲ್ಪ ಹೊತ್ತಿಗೆ ನೋಡಿದರೆ ಚಡ್ಡಿ ಹಲಗೆಯಾಗಿತ್ತು. ಗೋಡೆಗೆ ಆನಿಸಿದರೆ ತಾನೇ ನಿಂತುಕೊಂಡಿತು. ಮೈತುಂಬ ಬಿಳಿ ಚುಕ್ಕೆ. ಪಕ್ಕದ ಮನೆಯ ಆಡು ಬಂದು ಅದರ ಒಂದು ಅಂಚನ್ನು ನೆಕ್ಕಿಯೂ ಹೋಗಿತ್ತು. ಶಾಲೆಯಿಂದ ಬಂದ ಬಸು ಅದರ ಸುತ್ತ ಒಂದು ಸುತ್ತು ಹಾಕಿ ನೋಡಿದ.

"ಅಕ್ಕಾ, ನಾಳಿ ಪರೀಕ್ಷಾಕ ಈ ಚಡ್ಡೀನೇ ಕಳಸು. ನಾ ಯಾಕ ಬೇಕು? ನನಗಿಂತ ನೆಟ್ಟಗ ನಿಂತದ."

ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತಿಯೂ ನಕ್ಕರು. ಅತ್ತಿ ಸುಲಭಕ್ಕೆ ನಗುವವರಲ್ಲ, ಅದಕ್ಕೇ ಇದು ಇಷ್ಟು ನೆನಪಿದೆ. ನಾವು ಮೂವರೂ ಕೂಡಿ ನಕ್ಕದ್ದು ಅದೇ ಕೊನೆ.

ಬಸು ನನ್ನ ಮನೆಯಲ್ಲಿ ಯಾಕಿದ್ದ ಎಂದು ಹೇಳಬೇಕು. ನಮ್ಮ ತವರು ರಾಯಿಕೋಡಿನ ಕಡೆಯ ಒಂದು ಹಳ್ಳಿ. ಅಲ್ಲಿ ತಹತಾನಿಯಾ ಶಾಲೆಯಷ್ಟೇ ಇತ್ತು. ಆಗಿನ ಶಾಲೆಗಳಿಗೆ ಮೂರು ಮೆಟ್ಟಿಲು: ಕೆಳಗಿನದು ತಹತಾನಿಯಾ, ನಡುವಿನದು ವಸ್ತಾನಿಯಾ, ಮೇಲಿನದು ಫೌಖಾನಿಯಾ. ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಉರ್ದು ಎಂದು ಮೂರನ್ನೂ ಕಲಸಿಕೊಂಡೇ ನಮ್ಮ ಕಡೆಯ ಹುಡುಗರು ಬೆಳೆದರು. ನನಗೆ ಮಾತ್ರ ನಮ್ಮೂರಿನ ಪಂತೋಜಿ ಮರಳಿನ ಮೇಲೆ ತಿದ್ದಿಸಿದ ಕನ್ನಡ ಒಂದೇ. ಇವತ್ತು ಬರೆಯುತ್ತಿರುವುದೂ ಅಷ್ಟರಲ್ಲೇ, ತಪ್ಪಿದ್ದರೆ ನೀವು ಸರಿಮಾಡಿ ಓದಿಕೊಳ್ಳಿ. ನನ್ನ ಮದುವೆಯಾದ ಮೇಲೆ, ಅಕ್ಕನ ಮನೆ ಇದೆಯಲ್ಲ ಎಂದು ಅಪ್ಪ ಬಸುವನ್ನು ಜಹೀರಾಬಾದಿನ ವಸ್ತಾನಿಯಾ ಶಾಲೆಗೆ ಹಾಕಿದರು.

ಆ ಶಾಲೆಯಲ್ಲಿ ಸ್ಕೌಟ್ ದಳವೊಂದಿತ್ತು. ಅದರ ಪರೀಕ್ಷೆಗಳಿಗೂ ಹುಡುಗರು ಶಾಲೆಯ ಹೆಸರನ್ನೇ ಇಟ್ಟಿದ್ದರು. ಮೊದಲನೆಯದು ತಹತಾನಿ ಬಿಲ್ಲೆ, ನಡುವಿನದು ವಸ್ತಾನಿ ಬಿಲ್ಲೆ, ಮೇಲಿನದು ಫೌಖಾನಿ. ಮೇಲಿನದನ್ನು ಹೈದರಾಬಾದಿನ ಹುಡುಗರು ಪಡೆಯುತ್ತಿದ್ದರಂತೆ. ನಮ್ಮ ಕಡೆಯವರಿಗೆ ವಸ್ತಾನಿಯೇ ದೊಡ್ಡದು. ಹಿತ್ತಾಳೆಯ, ಹೆಬ್ಬೆರಳಿನಷ್ಟು ಅಗಲದ ಒಂದು ತುಣುಕು. ಆದರೆ ಅದು ಎದೆಯ ಮೇಲಿದ್ದ ಹುಡುಗನಿಗೆ ಬೀದರಿನ ಫೌಖಾನಿಯಾ ಶಾಲೆಯ ಬೋರ್ಡಿಂಗಿನಲ್ಲಿ ಜಾಗ ಸಿಗುತ್ತಿತ್ತು. ನಮ್ಮ ಅಪ್ಪನಿಗೆ ಮಗ ಮುಂದೆ ಓದುವುದು ಅಷ್ಟೇನೂ ಬೇಕಿರಲಿಲ್ಲ. ಹೊಲಕ್ಕೆ ಆಳು ಸಾಲದು ಎಂದು ಪ್ರತಿ ಸಲವೂ ಗೊಣಗುತ್ತಿದ್ದರು. ಕೊನೆಗೆ ಅವರೇ ಒಂದು ಕರಾರು ಮಾಡಿದರು. "ಬಿಲ್ಲಿ ಬಂದ್ರ ಬೀದರ, ಬರಲಿಲ್ಲಾಂದ್ರ ಬಾರಕೋಲ." ಬಸು ಇದನ್ನು ಕೈಯಲ್ಲಿ ಇಲ್ಲದ ಚಾವಟಿ ಬೀಸುತ್ತ, ಅಪ್ಪನ ದನಿಯಲ್ಲೇ ಹೇಳಿ ತೋರಿಸುತ್ತಿದ್ದ. ನಗೆಯ ಅಡಿಯಲ್ಲಿ ಅವನಿಗೆ ಹೆದರಿಕೆ ಇತ್ತು. ಅಪ್ಪ ಆಡಿದ ಮಾತಿಗೆ ನಿಲ್ಲುವವರು.

ಹೀಗಾಗಿ ನಮ್ಮ ಮನೆಯೆಲ್ಲ ಆ ವರ್ಷ ವಸ್ತಾನಿ ಬಿಲ್ಲೆಯ ಪರೀಕ್ಷೆಗೆ ಕೂತಿತ್ತು. ಗಂಟುಗಳನ್ನು ಕಲಿಯಲು ಅವನು ಆಕಳ ಕರುವನ್ನು ಕಂಬಕ್ಕೆ ಕಟ್ಟಿ ಶಾಲೆಗೆ ಹೋಗಿಬಿಡುತ್ತಿದ್ದ. ಅದನ್ನು ಬಿಚ್ಚಲು ಯಾರಿಗೂ ಬರುತ್ತಿರಲಿಲ್ಲ. ಹಾಲು ಹಿಂಡುವ ಹೊತ್ತಿಗೆ ಅತ್ತಿ ಕರುವಿನ ಕೊರಳನ್ನೂ ನನ್ನ ತವರನ್ನೂ ಒಟ್ಟಿಗೆ ಬೈಯುತ್ತ ಕೂಡುತ್ತಿದ್ದರು. ತಲೆಗೆ ಪಟ್ಟಿ ಕಟ್ಟುವುದನ್ನು ಕಲಿತದ್ದು ನನ್ನ ತಲೆಯ ಮೇಲೆ. ಒಮ್ಮೆ ಹಾಗೆ ಕಟ್ಟಿಸಿಕೊಂಡು ಕೂತಿದ್ದಾಗಲೇ ಬೀಗರು ಬಂದರು. ಸೊಸೆಯನ್ನು ಹೊಡೆದಿದ್ದಾರೆಂದು ಊರೆಲ್ಲ ಹೇಳಿಕೊಂಡು ಬಂದರು. ಅತ್ತಿ ಅದನ್ನು ಬಹಳ ದಿನ ಮರೆಯಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳುತ್ತೇನೆ. ಮುಂದೆ ಜನ ಅವನ ಬಗ್ಗೆ ಏನೇನೋ ಹೇಳಿದರು, ಅದಕ್ಕಾಗಿ. ನಾವು ಲಿಂಗವಂತರು. ಕೊರಳಲ್ಲಿ ಕಟ್ಟಿದ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ಏನನ್ನೂ ಹಾಕಬಾರದು ಎಂಬುದು ಮನೆಯ ಕಟ್ಟಳೆ. ಬಸು ಸ್ನಾನಕ್ಕೆ ಮುಂಚೆಯೇ ಕಿಸೆಯ ಶೇಂಗಾ ತಿಂದು ಮುಗಿಸುತ್ತಿದ್ದ. ಆಮೇಲೆ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಲಿಂಗದ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಕಣ್ಣು ಮುಚ್ಚಿ ಕೂತಂತೆ ಮಾಡಿ, ಎದ್ದುಬರುತ್ತಿದ್ದ. ತುಟಿಗೆ ಅಂಟಿದ ಶೇಂಗಾದ ಸಿಪ್ಪೆಯನ್ನು ನಾನೇ ಎಷ್ಟೋ ಸಲ ಸೆರಗಿನಿಂದ ಒರೆಸಿದ್ದೇನೆ. ಅವನು ಅಂಥ ಹುಡುಗ. ದೇವರ ಮೇಲೆ ಸಿಟ್ಟೂ ಇರಲಿಲ್ಲ, ಅಂಥ ಭಯವೂ ಇರಲಿಲ್ಲ.

ಎಲ್ಲ ಪರೀಕ್ಷೆ ಮುಗಿದು ಎರಡು ಉಳಿದಿದ್ದವು. ಒಂದು, ನೀರಿನಲ್ಲಿ ಮುಳುಗುವವನನ್ನು ಎತ್ತಿ ತರುವುದು. ಇನ್ನೊಂದು, ಅದರ ಮರುದಿನದ ದೂರದ ನಡಿಗೆ. ನಾವು ಗಂಜಿಯ ಚಡ್ಡಿ ನೋಡಿ ನಕ್ಕ ಮರುದಿನವೇ ನೀರಿನ ಪರೀಕ್ಷೆ, ಊರ ಹೊರಗಿನ ಕಬ್ಬಿನ ತೋಟದ ಬಾವಿಯಲ್ಲಿ. ಮುಳುಗುವವನ ವೇಷ ಹಾಕಿದವನು ಬಸುವಿನ ಗೆಳೆಯ ಮಲ್ಲಪ್ಪ. ಕುರಿ ಸಾಕುವವರ ಮನೆಯ ಹುಡುಗ, ಈಜಿನಲ್ಲಿ ಅವನನ್ನು ಮೀರಿಸಿದವರಿಲ್ಲ. ಸ್ಕೌಟ್ ಮಾಸ್ತರರು ಹೈದರಾಬಾದಿನ ಕಡೆಯ ಒಬ್ಬ ತೆಳ್ಳಗಿನ ಮನುಷ್ಯ, ಯಾವಾಗಲೂ ಕೊಡೆ ಹಿಡಿದಿರುವವರು. ಕೊರಳಲ್ಲಿ ಏನಿದ್ದರೂ ತೆಗೆದಿಡಿ ಎಂದು ಅವರು ಹೇಳಿದ್ದರಂತೆ. ಹುಡುಗರು ಕೊರಳ ರುಮಾಲು ತೆಗೆದರು. ಬಸು ಲಿಂಗ ತೆಗೆಯಲಿಲ್ಲ. ನಮ್ಮಲ್ಲಿ ಅದನ್ನು ಯಾರೂ ತೆಗೆಯುವುದಿಲ್ಲ. ಹುಟ್ಟಿದಾಗ ಕಟ್ಟಿದ್ದು ಮಣ್ಣಿಗೆ ಹೋಗುವಾಗಲೂ ಅಂಗೈಯಲ್ಲಿರಬೇಕು. ಅದು ಶೇಂಗಾದಂಥ ಮಾತಲ್ಲ.

ಮಲ್ಲಪ್ಪ ಮುಳುಗುವುದನ್ನು ಬಹಳ ಚೆನ್ನಾಗಿ ಮಾಡಿದ. ಹತ್ತಿರ ಬಂದವನ ಕೊರಳಿಗೇ ಜೋತುಬಿದ್ದ. ಬಸು ಅವನನ್ನು ದಡಕ್ಕೆ ಎಳೆದು ತಂದ, ಪರೀಕ್ಷೆ ಪಾಸಾಯಿತು, ಮಾಸ್ತರರು ಶಾಬಾಸ್ ಎಂದರು. ಆಮೇಲೆ ನೋಡಿಕೊಂಡರೆ ಕೊರಳಲ್ಲಿ ದಾರವಿರಲಿಲ್ಲ.

ಉಳಿದವರು ಶಾಲೆಗೆ ಹೋದ ಮೇಲೆ ಅವರಿಬ್ಬರೂ ಮತ್ತೆ ಬಾವಿಗಿಳಿದರು. ಆಳದ ಬಾವಿ, ಅಡಿಯಲ್ಲಿ ಕೆಸರು. ಮಲ್ಲಪ್ಪ ಕಣ್ಣು ಕೆಂಪಾಗುವ ತನಕ ಮುಳುಗಿ ಎದ್ದ. ಸಿಗಲಿಲ್ಲ.

ಮಧ್ಯಾಹ್ನ ಬಸು ಮನೆಗೆ ಬಂದು ನೇರವಾಗಿ ಅತ್ತಿಯ ಮುಂದೆಯೇ ಹೇಳಿದ. ಮುಚ್ಚಿಡಬಹುದಿತ್ತು, ಅಂಗಿಯ ಒಳಗೆ ಯಾರು ನೋಡುತ್ತಿದ್ದರು? ಅಷ್ಟು ಸುಳ್ಳು ಹೇಳುತ್ತಿದ್ದವನು ಆ ಹೊತ್ತಿನಲ್ಲಿ ಯಾಕೆ ನಿಜ ಹೇಳಿದನೋ. ಅತ್ತಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಅವನನ್ನು ಪಡಸಾಲೆಯಿಂದ ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಲಿಂಗ ಕಳೆದರೆ, ಅದು ಸಿಗುವ ತನಕ, ಇಲ್ಲವೇ ಮನೆತನದ ಗುರುಗಳಾದ ಅಯ್ಯನವರು ಬೇರೆಯದನ್ನು ಕಟ್ಟುವ ತನಕ, ಅನ್ನ ನೀರು ಮುಟ್ಟಬಾರದು. ಇದು ಅತ್ತಿ ಹುಟ್ಟಿಸಿದ ಮಾತಲ್ಲ, ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಓಣಿಯ ಆಚೆಗೇ ಒಬ್ಬ ಅಯ್ಯನವರ ಮನೆಯಿತ್ತು. ಅಲ್ಲಿಗೆ ಹೋಗೋಣ ಎಂದು ನಾನು ಹೇಳಿದೆ.

"ಅಲ್ಲಿ ಹೋದ್ರ ಸಂಜಿ ಆಗೂದ್ರಾಗ ಪ್ಯಾಟಿಗೆಲ್ಲ ಗೊತ್ತಾಗ್ತದ," ಎಂದರು ಅತ್ತಿ. "ಸೊಸಿ ತಮ್ಮ ನಮ್ಮ ಮನ್ಯಾಗಿದ್ದು ಲಿಂಗ ಕಳಕೊಂಡ ಅಂತಾರ. ನಿಮ್ಮ ಅಯ್ಯನೋರು ಕಟ್ಟಿದ್ದು, ಅವರೇ ಕಟ್ಲಿ."

ನಮ್ಮ ತವರಿನ ಅಯ್ಯನವರು ಝರಾಸಂಗಮದಲ್ಲಿ ಇರುತ್ತಿದ್ದರು. ಅದನ್ನು ಕೇಳಿದ್ದೇ ಬಸುವಿನ ಮುಖ ಅರಳಿತು. ಮರುದಿನದ ನಡಿಗೆ ಝರಾಸಂಗಮಕ್ಕೇ ಇತ್ತು. ಅಲ್ಲಿ ಗುಡಿಯ ಹತ್ತಿರ ಹುಡುಗರಿಗೆ ಊಟ, ಸ್ವಲ್ಪ ವಿಶ್ರಾಂತಿ, ಸಂಜೆಯೊಳಗೆ ನಡೆದೇ ವಾಪಸು ಬಂದು ಶಾಲೆಯ ಮೈದಾನದಲ್ಲಿ ಹಾಜರಿ ಕೊಡಬೇಕು.

"ನೋಡಕ್ಕಾ," ಎಂದ ಅವನು, ತಾನೇ ಏನೋ ಜಾಣತನ ಮಾಡಿದವನ ಹಾಗೆ, "ನಡಿಗೀನೂ ಆಗ್ತದ, ಲಿಂಗಾನೂ ಆಗ್ತದ. ಒಂದೇ ಹಾದಿ."

ಒಂದೇ ಹಾದಿ. ನನ್ನ ಗಂಡ ತೊಗರಿ ಕೊಳ್ಳಲು ತಾಂಡೂರಿಗೆ ಹೋಗಿದ್ದರು. ಮನೆಯಲ್ಲಿ ಗಂಡಸರಿರಲಿಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಆ ಸಂಜೆ ನಾನು ತಂಬಿಗೆಯಲ್ಲಿ ನೀರು ತುಂಬಿ ಅವನ ಹತ್ತಿರ ಇಟ್ಟೆ. ಅತ್ತಿ ದನಗಳ ಕಡೆ ಹೋದಾಗ, ಕುಡಿ ಎಂದೆ. ಯಾರಿಗೂ ಹೇಳುವುದಿಲ್ಲ ಎಂದೆ. ಶೇಂಗಾ ತಿಂದಾಗ ಹೇಳಿದ್ದೇನೇನು ಎಂದೂ ಕೇಳಿದೆ. ಅವನು ನಕ್ಕು ತಂಬಿಗೆಯನ್ನು ನನ್ನ ಕಡೆಗೇ ಸರಿಸಿದ. ಅತ್ತಿಯೂ ಆ ದಿನ ಊಟ ಮಾಡಲಿಲ್ಲ. ಅದನ್ನೂ ಹೇಳಬೇಕು, ಅನ್ಯಾಯವಾಗಬಾರದು. ಹುಡುಗ ಉಪವಾಸ ಇರುವಾಗ ತಾವು ಹೇಗೆ ತಿನ್ನುವುದು ಎಂದು ಹಾಗೆಯೇ ಮಲಗಿದರು. ಬೆಳಿಗ್ಗೆ ಎದ್ದು ಪೂಜೆ ಮಾಡಿ ಹಾಲು ಕುಡಿದರು. ಅವರ ಲಿಂಗ ಅವರ ಕೊರಳಲ್ಲಿತ್ತು.

ಬೆಳಿಗ್ಗೆ ಆ ಬಿಳಿ ಚುಕ್ಕೆಯ ಚಡ್ಡಿ ತೊಟ್ಟು ಅವನು ಹೊರಟ. ನೀರಿನ ಬಾಟ್ಲಿ ತುಂಬಿಕೊಂಡೇ ಬರಬೇಕೆಂದು ದಳದ ನಿಯಮ. ನಾನೇ ತುಂಬಿದೆ. ಬಾಗಿಲಿಗೆ ನಿಂತು ಅವನು ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ. ದಿನವೂ ನೋಡುತ್ತಿರಲಿಲ್ಲ, ಅವತ್ತು ನೋಡಿದೆ.

ದಾರಿಯ ಸಂಗತಿಯೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಮಲ್ಲಪ್ಪನಿಂದ. ಹೊರಡುವಾಗ ಬಸು ಚೆನ್ನಾಗಿಯೇ ಇದ್ದನಂತೆ. ಹಾಡು ಹೇಳಿಸಿದನಂತೆ. ಕೆಮ್ಮಣ್ಣಿನ ದಾರಿ, ಹೊಲಗಳೆಲ್ಲ ಖಾಲಿ, ನಾರಿಂಜದ ಹಳ್ಳದಲ್ಲಿ ಮರಳು ಬಿಟ್ಟರೆ ಏನೂ ಇಲ್ಲ. ಝರಾಸಂಗಮ ಮುಟ್ಟುತ್ತಲೇ ಬಸು ಗುಡಿಯ ಕಡೆ ಹೋಗದೆ ಅಯ್ಯನವರ ಮನೆಗೆ ಓಡಿದ. ಅಯ್ಯನವರು ಇರಲಿಲ್ಲ. ನಾರಾಯಣಖೇಡದಲ್ಲಿ ಒಂದು ಮದುವೆ ಮಾಡಿಸಲು ಹೋಗಿದ್ದರು, ನಾಳೆ ಬರುತ್ತಾರೆ ಎಂದು ಅವರ ಮನೆಯ ಅಮ್ಮನವರು ಹೇಳಿದರು. ಬಿಸಿಲಲ್ಲಿ ಬಂದಿದ್ದಾನೆಂದು ಮಜ್ಜಿಗೆ ತಂದುಕೊಟ್ಟರು. ಬೇಡ ಎಂದ. ಯಾಕೆ ಬಂದಿದ್ದೆಯೆಂದು ಕೇಳಿದರೆ, ನಮಸ್ಕಾರಕ್ಕೆ ಎಂದ. ಅವರಿಗಾದರೂ ಹೇಳಬಹುದಿತ್ತು. ಅಲ್ಲಿಯೇ ಉಳಿದು ಮರುದಿನ ಕಟ್ಟಿಸಿಕೊಂಡು ಬರಬಹುದಿತ್ತು. ಉಳಿದರೆ ನಡಿಗೆ ಮುಗಿಯುತ್ತಿರಲಿಲ್ಲ, ಬಿಲ್ಲೆ ತಪ್ಪುತ್ತಿತ್ತು, ಬೀದರ ತಪ್ಪುತ್ತಿತ್ತು.

ಗುಡಿಯ ನೆರಳಿನಲ್ಲಿ ಹುಡುಗರು ಬುತ್ತಿ ಬಿಚ್ಚಿದರು. ಬಸು ನಡೆಯುತ್ತಲೇ ತಿಂದೆ ಎಂದ. ಅವನ ತುಟಿ ಒಡೆದದ್ದನ್ನು ನೋಡಿ ಮಲ್ಲಪ್ಪನಿಗೆ ತಡೆಯಲಾಗಲಿಲ್ಲ. ಲಿಂಗ ಕಳೆದದ್ದನ್ನೂ ಉಪವಾಸವನ್ನೂ ಯಾರಿಗೂ ಹೇಳುವುದಿಲ್ಲವೆಂದು ಬಸು ಮೊದಲೇ ಅವನಿಂದ ಮಾತು ತೆಗೆದುಕೊಂಡಿದ್ದ. ಆದರೂ ಎಂದ.

"ಲೇ ಬಸ್ಯಾ, ನಾ ಮಾಸ್ತರಗ ಹೇಳ್ತೀನಿ. ನಿನ್ನ ಮಾರಿ ನೋಡು, ಸುಟ್ಟ ಬದನಿಕಾಯಿ ಆಗ್ಯದ."

"ಸ್ಕೌಟ್ ಮಾತು ಕೊಟ್ಟೀದಿ ಮಲ್ಲ್ಯಾ. ತಪ್ಪಿದ್ರ ನಿನ್ನ ಬಿಲ್ಲೀನೂ ಹೋಗ್ತದ."

ಮಲ್ಲಪ್ಪ ಮಾಸ್ತರರ ಹತ್ತಿರ ಹೋಗಲಿಲ್ಲ. ಹೇಳಿದ ಮಾತಿಗೆ ನಿಲ್ಲಬೇಕು ಎಂದು ಅವರಿಗೆ ಕಲಿಸಿದ್ದರು. ಆ ದಳದಲ್ಲಿ ಕಲಿಸಿದ್ದನ್ನೆಲ್ಲ ಆ ಇಬ್ಬರು ಹುಡುಗರು ಚೆನ್ನಾಗಿಯೇ ಕಲಿತಿದ್ದರು.

ವಾಪಸು ಬರುವ ದಾರಿಯಲ್ಲಿ ಸಣ್ಣ ಹುಡುಗರ ಬಾಟ್ಲಿಗಳು ಬರಿದಾದವು. ಬಸು ತನ್ನದನ್ನು ಅವರಿಗೆ ಕೊಟ್ಟ. ನಡುದಾರಿಯ ಹುಣಸೆಮರದ ಕೆಳಗೆ ಮಾಸ್ತರರು ಎಲ್ಲರನ್ನೂ ನಿಲ್ಲಿಸಿ, ನೀರು ಕುಡಿದಿದ್ದೀರಾ ಎಂದು ಒಬ್ಬೊಬ್ಬರ ಬಾಟ್ಲಿಯನ್ನೂ ತಾವೇ ಬಗ್ಗಿಸಿ ನೋಡಿದರು. ಬಸುವಿನ ಬಾಟ್ಲಿಯಿಂದ ಒಂದು ಹನಿಯೂ ಬೀಳಲಿಲ್ಲ. ಸರಿ ಎಂದು ಮುಂದೆ ಹೋದರು. ಅವರು ಎಚ್ಚರಿಕೆಯ ಮನುಷ್ಯ. ನೋಡಬೇಕಾದದ್ದನ್ನು ನೋಡಿದರು.

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಮಲ್ಲಪ್ಪ ಓಡಿ ಬಂದು ನನ್ನನ್ನು ಕರೆದ. ಮೈದಾನದಲ್ಲಿ ಸಾಲಾಗಿ ನಿಂತು ಹಾಜರಿ ಕೊಡುವಾಗ ಬಸು ತನ್ನ ಸರದಿಗೆ ಒಂದು ಹೆಜ್ಜೆ ಮುಂದೆ ಬಂದು ಸಲಾಮು ಮಾಡಿದನಂತೆ. ಬಾಯಿ ತೆರೆದನಂತೆ. ಮಾತು ಬರಲಿಲ್ಲ, ಅಲ್ಲಿಯೇ ಬಿದ್ದ. ನಾನು ಹೋಗುವಷ್ಟರಲ್ಲಿ ಅವನನ್ನು ಬಂಡಿಯಲ್ಲಿ ಹಾಕಿಕೊಂಡು ಮನೆಯ ಕಡೆಗೇ ಬರುತ್ತಿದ್ದರು. ಮೈ ಕಾದ ಹಂಚಿನ ಹಾಗಿತ್ತು. ಬೆವರೇ ಇರಲಿಲ್ಲ. ಹಕೀಮರು ಬಂದು ನೋಡಿ, ಮೈಮೇಲೆ ಒದ್ದೆ ಬಟ್ಟೆ ಹಾಕಿಸಿ, ಹುಡುಗ ನೀರು ಕುಡಿದು ಎಷ್ಟು ಹೊತ್ತಾಯಿತು ಎಂದು ಕೇಳಿದರು. ಆಗ ಅತ್ತಿ ತಾವೇ ಒಳಗೆ ಹೋಗಿ ತಂಬಿಗೆ ತಂದು ನನ್ನ ಕೈಗೆ ಕೊಟ್ಟರು.

"ಕುಡಸವ್ವಾ. ಏನೂ ಆಗಲ್ಲ. ಕುಡಸು."

ಅವನ ಹಲ್ಲು ಕಚ್ಚಿಕೊಂಡಿತ್ತು. ನಾನು ಬೆರಳು ಅದ್ದಿ ತುಟಿಗೆ ಒತ್ತಿದೆ. ನೀರು ಕೆನ್ನೆಯ ಮೇಲಿಂದ ಇಳಿದು ದಿಂಬಿಗೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಅವನು ಹೋದ.

ಮರುದಿನ ಅಪ್ಪ ಬಂದರು, ಅಯ್ಯನವರೂ ಬಂದರು. ಅಯ್ಯನವರು ಸುದ್ದಿ ತಿಳಿದು ನಾರಾಯಣಖೇಡದಿಂದ ನೇರವಾಗಿ ಬಂದಿದ್ದರು, ಮದುವೆಯ ಅರಿಶಿಣ ಇನ್ನೂ ಅವರ ಧೋತರದ ಮೇಲಿತ್ತು. ಹುಡುಗನ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಕೇಳಿದರು. ಆಮೇಲೆ ಅವರು ಹೇಳಿದ ಮಾತು ಇದು.

"ಕೂಸು ಅದು. ನೀರ್ ಕುಡೀಬ್ಯಾಡಂತ ಯಾರ್ ಹೇಳಿದ್ರಿ? ಕುಡೀಬೇಕಿತ್ತು. ನಾ ಬಂದು ಕಟ್ತಿದ್ದೆ, ಮುಗೀತಿತ್ತು."

ಅಷ್ಟು ಸುಲಭವಿತ್ತು. ಅಷ್ಟು ಸುಲಭವಿದೆಯೆಂದು ನಮ್ಮಲ್ಲಿ ಯಾರಿಗೂ ಯಾರೂ ಹೇಳಿರಲಿಲ್ಲ. ಅತ್ತಿ ಗೋಡೆಯ ಕಡೆ ಮುಖ ಮಾಡಿ ಕೂತರು. ಅಯ್ಯನವರು ತಮ್ಮ ಚೀಲದಿಂದ ಹೊಸ ಲಿಂಗವೊಂದನ್ನು ತೆಗೆದು ಬಸುವಿನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಹಾಗೆಯೇ ನಮ್ಮೂರ ಹೊಲದಲ್ಲಿ ಕೂಡಿಸಿ ಮಣ್ಣು ಕೊಟ್ಟರು.

ಕೆಲವು ವಾರಗಳಾದ ಮೇಲೆ ಮಾಸ್ತರರು ನಮ್ಮ ಮನೆಗೆ ಬಂದರು. ಕೊಡೆಯನ್ನು ಹೊರಗೇ ಒರಗಿಸಿ, ಕರವಸ್ತ್ರ ಬಿಚ್ಚಿ, ಬಿಲ್ಲೆಯನ್ನು ಕಟ್ಟೆಯ ಮೇಲಿಟ್ಟರು. ಅವನು ಎಲ್ಲ ಪರೀಕ್ಷೆಯನ್ನೂ ಪೂರ್ತಿ ಮಾಡಿದ್ದಾನೆ, ನಡಿಗೆಯೂ ಪೂರ್ತಿಯಾಯಿತು, ಸಲಾಮೂ ಮಾಡಿದ, ಹಾಗಾಗಿ ಇದು ಅವನದೇ ಎಂದು ಮೇಲಿನವರು ಒಪ್ಪಿದ್ದಾರೆ ಎಂದರು. ಆಮೇಲೆ ತಮಗೆ ಬರುವಷ್ಟು ಕನ್ನಡದಲ್ಲಿ ನನ್ನ ಕಡೆ ನೋಡದೆ ಹೇಳಿದರು. "ಬಾಟ್ಲಿ ಖಾಲಿ ಇತ್ತಮ್ಮಾ. ನಾನೇ ನೋಡ್ದೆ." ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೆ ಅದನ್ನೇ ಹೇಳಿದರು. ಮುಂದಿನ ವರ್ಷ ಅವರು ಬೇರೆ ಊರಿಗೆ ವರ್ಗ ಮಾಡಿಸಿಕೊಂಡರೆಂದು ಕೇಳಿದೆ. ಮಲ್ಲಪ್ಪ ತನ್ನ ಬಿಲ್ಲೆ ತೆಗೆದುಕೊಳ್ಳಲು ಹೋಗಲೇ ಇಲ್ಲ. ಕುರಿಗಳ ಹಿಂದೆ ಹೋದ. ಬಾವಿಯ ಹೂಳು ತೆಗೆಸಿದಾಗ ಕೆಸರಿನಲ್ಲಿ ಆ ಲಿಂಗ ಸಿಕ್ಕಿತು. ಕೈಯಾಡಿಸಿ ಹುಡುಕಿದವನು ಅವನೇ. ರುಮಾಲಿನ ತುದಿಯಲ್ಲಿ ಕಟ್ಟಿಕೊಂಡು ರಾಯಿಕೋಡಿನ ಕಡೆ ನಡೆದೇ ಹೋಗಿ ಅಪ್ಪನ ಕೈಗೆ ಕೊಟ್ಟ. ಅಪ್ಪ ಅದನ್ನು ಮಗನ ಮಣ್ಣಿನಲ್ಲಿ ಒಂದು ಗೇಣು ಅಗೆದು ಹುಗಿದರು.

ಇದಾದ ಮೇಲೆ ಹೊಗಳಿಕೆ ಶುರುವಾಯಿತು. ಶಾಲೆಯಲ್ಲಿ ಅವನ ಹೆಸರನ್ನು ಹಲಗೆಯ ಮೇಲೆ ಬರೆಸಿದರು. ಶಿಸ್ತು ಎಂದರೆ ಹೀಗಿರಬೇಕು, ತಾನು ಬಾಯಾರಿದರೂ ಬೇರೆಯವರಿಗೆ ನೀರು ಕೊಟ್ಟ ಎಂದು ಹೊಸ ಹುಡುಗರಿಗೆ ಹೇಳುತ್ತಿದ್ದರು. ನಮ್ಮೂರಿನಲ್ಲಿ ಅವನ ಮಣ್ಣಿನ ಮೇಲೆ ಕಟ್ಟೆ ಕಟ್ಟಿದರು. ನಿಷ್ಠೆ ಎಂದರೆ ಹೀಗಿರಬೇಕು, ಪ್ರಾಣ ಬಿಟ್ಟ, ನೀರು ಮುಟ್ಟಲಿಲ್ಲ ಎಂದು ಅಲ್ಲಿ ಹೇಳುತ್ತಿದ್ದರು. ಅದೇ ಅಯ್ಯನವರು, ಕುಡೀಬೇಕಿತ್ತು ಎಂದವರೇ, ಮೊದಲ ವರ್ಷದ ದಿನ ಆ ಕಟ್ಟೆಯ ಮೇಲೆ ನಿಂತು ನಿಷ್ಠೆಯ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು. ಅಪ್ಪ ಕೈಮುಗಿದು ಕೇಳಿದರು. ಮಗ ಹೋದ ಮೇಲೆ ಅವರಿಗೆ ಉಳಿದದ್ದು ಅಷ್ಟೇ, ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಶಾಲೆಯವರೂ ಊರವರೂ ಕೂಡಿ ನನ್ನ ತಮ್ಮನನ್ನು ಹಂಚಿಕೊಂಡರು. ಅವನ ನಗೆಚಾಟಿಕೆ, ಕಳ್ಳತನ, ಅಪ್ಪನ ದನಿ ತೆಗೆಯುವ ಆಟ ಯಾರಿಗೂ ಬೇಕಾಗಲಿಲ್ಲ. ಅವನ್ನು ನನಗೆ ಬಿಟ್ಟರು.

ಅತ್ತಿ ಆ ಮಾತನ್ನು ಮತ್ತೆ ಎತ್ತಲಿಲ್ಲ. ಮುಂದಿನ ಬೇಸಿಗೆಯಿಂದ ಝರಾಸಂಗಮದ ದಾರಿ ಶುರುವಾಗುವಲ್ಲಿ, ಬೇವಿನ ಮರದ ಕೆಳಗೆ, ಅರವಟ್ಟಿಗೆ ಇಡಿಸಿದರು. ಹೋಗಿಬರುವವರಿಗೆ ಯಾವ ಜಾತಿ ಎಂದು ಕೇಳದೆ ನೀರು ಕೊಡಬೇಕೆಂದು ಕಟ್ಟಪ್ಪಣೆ. ಕೊಡ ಹೊತ್ತು ತುಂಬುವುದು ನನ್ನ ಕೆಲಸ. ಅವರು ಸಾಯುವ ತನಕ ಪ್ರತಿ ಬೇಸಿಗೆಯೂ ತುಂಬಿದೆ. ಒಂದು ದಿನವೂ ಅಲ್ಲಿ ನೀರು ಕುಡಿಯಲಿಲ್ಲ. ಅತ್ತಿ ಅದನ್ನು ಗಮನಿಸುತ್ತಿದ್ದರು. ನನಗೂ ಅದು ಗೊತ್ತಿತ್ತು. ನಾವಿಬ್ಬರೂ ಹಾಗೆಯೇ ಸಂಸಾರ ಮಾಡಿದೆವು.

ಹೋದ ವಾರ ನಮ್ಮೂರಿನಿಂದ ನಾಲ್ಕಾರು ಜನ ಬಂದಿದ್ದರು. ಕಟ್ಟೆ ಬಿರುಕು ಬಿಟ್ಟಿದೆಯಂತೆ, ಹೊಸದಾಗಿ ಕಟ್ಟಿಸುತ್ತಾರಂತೆ. ತಾಂಡೂರಿನಿಂದ ಒಳ್ಳೆಯ ಕಲ್ಲು ತರಿಸಿದ್ದಾರೆ. ಅದರ ಮೇಲೆ ಕೆತ್ತಿಸಲು ಒಬ್ಬ ತರುಣ ಮಾತು ಬರೆದು ತಂದಿದ್ದ. ಚೆನ್ನಾಗಿಯೇ ಬರೆದಿದ್ದ. ಧರ್ಮಕ್ಕಾಗಿ ಹನಿ ನೀರನ್ನೂ ಮುಟ್ಟದೆ ಪ್ರಾಣವಿತ್ತ ಬಾಲಕ ಎಂದಿತ್ತು. ಓದಿ ನನ್ನ ಒಪ್ಪಿಗೆ ಕೇಳಿದ. ಇಷ್ಟು ವರ್ಷ ಇಂಥ ಮಾತಿಗೆಲ್ಲ ತಲೆಯಾಡಿಸಿದವಳು ನಾನು. ಈ ಸಲ ಆಗಲಿಲ್ಲ.

"ಯಾಕ ಕುಡೀಲಿಲ್ಲ ಅಂತ ನಿನಗ ಯಾರ್ ಹೇಳ್ಯಾರಪ್ಪ?" ಎಂದು ಕೇಳಿದೆ.

ಆ ಹುಡುಗ ತಬ್ಬಿಬ್ಬಾದ. ಎಲ್ಲರಿಗೂ ಗೊತ್ತಿರುವುದೇ ಅಲ್ಲವೇನವ್ವಾ ಎಂದ. ನನಗೆ ಗೊತ್ತಿಲ್ಲ ಎಂದೆ. ದೇವರಿಗಾಗಿ ಇರಬಹುದು, ನನಗೆ ಹಾಗೆನಿಸುವುದಿಲ್ಲ. ಆಡಿದ್ದನ್ನು ಮಾಡಿ ತೋರಿಸಬೇಕು ಎಂಬ ಬಿಲ್ಲೆಯ ಹುಚ್ಚಿಗೆ ಇರಬಹುದು. ಇಲ್ಲವೇ ಅವತ್ತು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಾಗ, ಸೊಸಿ ತಮ್ಮ ಎಂದು ಅತ್ತಿ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ತಾನು ಕುಡಿದರೆ ಆ ಮನೆಯಲ್ಲಿ ನನ್ನ ಬದುಕು ಏನಾದೀತು ಎಂದು ಯೋಚಿಸಿರಬಹುದು. ಹಾಗಾಗಿದ್ದರೆ ಆ ನೀರನ್ನು ಅವನು ಬಿಟ್ಟದ್ದು ನನಗಾಗಿ. ಈ ಮೂರನೆಯದನ್ನು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ. ಇದನ್ನು 'ಹೌದು' ಎಂದೂ ಯಾರೂ ಹೇಳಲಾರರು, 'ಅಲ್ಲ' ಎಂದೂ ಹೇಳಲಾರರು. ನನ್ನ ಜೊತೆಗೆ ಇದು ಹೀಗೇ ಮುದಿಯಾಗಿದೆ.

ಕಲ್ಲಿನ ಮೇಲೆ ಹೆಸರು, ತಂದೆಯ ಹೆಸರು, ಊರು ಇಷ್ಟೇ ಇರಲಿ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ, ಆದರೂ ಹಿರಿಯಳೆಂದು ಒಪ್ಪಿ ಹೋದರು. ಅವರನ್ನು ಓಣಿಯ ತನಕ ಕಳಿಸಿ ಬಂದೆ. ಬಹಳ ದಿನದ ಮೇಲೆ ಎದೆ ಸ್ವಲ್ಪ ಹಗುರವಾಗಿತ್ತು. ಹಗುರವಾದ ಜಾಗದಲ್ಲಿ ಏನೂ ಇರಲಿಲ್ಲ.

ಬಿಲ್ಲೆ ನನ್ನ ಹತ್ತಿರ ಇದೆ. ಲಿಂಗ ಅವನ ಮಣ್ಣಿನಲ್ಲಿದೆ. ಅವನು ಯಾಕೆ ಕುಡಿಯಲಿಲ್ಲ ಎಂದು ಅವನ ಬಾಯಿಂದ ನಾನು ಕೇಳಿಲ್ಲ.